ಬೇರಿಗೂ ನೀರು, ಕೊಳೆಗೂ ನೀರು

ಒಳ್ಳೆಮೆಣಸಿನ, ಅಂದರೆ ಕಾಳುಮೆಣಸಿನ, ಬಳ್ಳಿಗೆ ಎರಡು ಬಗೆಯ ಬೇರುಗಳಿವೆ. ಮಣ್ಣಿನೊಳಗೆ ಹರಡಿ ನೀರನ್ನೂ ಸತ್ವವನ್ನೂ ಹೀರುವ ಬೇರು ಒಂದು ಬಗೆ. ಗೆಣ್ಣು ಗೆಣ್ಣಿನಲ್ಲೂ ಮೂಡಿ ಆಧಾರ ಮರದ ತೊಗಟೆಯನ್ನು ಕಚ್ಚಿ ಹಿಡಿಯುವ ಅಂಟುಬೇರು ಇನ್ನೊಂದು ಬಗೆ. ಗೆಣ್ಣಿನಲ್ಲಿ ಹೀಗೆ ಬೇರು ಮೂಡುವ ಗುಣ ಇರುವುದರಿಂದಲೇ ಬಳ್ಳಿಯನ್ನು ತುಂಡು ಮಾಡಿ ನೆಟ್ಟು ಹೊಸ ಗಿಡ ಪಡೆಯಲು ಆಗುತ್ತದೆ. ತುಂಡಿಗೆ ತೇವ, ನೆರಳು, ಸ್ವಲ್ಪ ಗಾಳಿ ಸಿಕ್ಕರೆ ಸಾಕು, ಕೆಲವೇ ವಾರಗಳಲ್ಲಿ ಬಿಳಿ ಬೇರು ಇಳಿಯುತ್ತದೆ. ತೇವ ಅಳತೆ ಮೀರಿದರೆ ಅದೇ ಬೇರು ಕಪ್ಪಾಗಿ ಕೊಳೆಯುತ್ತದೆ. ಕಾಳುಮೆಣಸಿನ ಸಸಿ ಮಾಡುವ ವಿದ್ಯೆ ಮತ್ತು ಬುಡ ಕೊಳೆಯ ವಿರುದ್ಧದ ಹೋರಾಟ ಬೆಳೆದು ಬಂದದ್ದು ಜೊತೆಜೊತೆಯಾಗಿ. ಸಸಿ ಬೇಗ ಮಾಡುವ ಪ್ರತಿ ಹೊಸ ದಾರಿಯೂ ಕೊಳೆ ಬೇಗ ಹರಡುವ ದಾರಿಯಾಗಿಯೂ ಒದಗಿದೆ.

ಇದು ಎದ್ದು ಕಾಣುವ ಊರುಗಳಲ್ಲಿ ಕರಿಕೆಯೂ ಒಂದು. ಭಾಗಮಂಡಲದಿಂದ ಕಾಡಿನ ನಡುವೆ ಘಟ್ಟ ಇಳಿದು ಪಾಣತ್ತೂರಿಗೆ ಹೋಗುವ ದಾರಿಯಲ್ಲಿ ಈ ಊರು ಸಿಗುತ್ತದೆ. ಕಂದಾಯ ದಾಖಲೆಯಲ್ಲಿ ಮಡಿಕೇರಿ ತಾಲ್ಲೂಕು. ಹವೆ, ಬೆಳೆ, ಮಾತು ನೋಡಿದರೆ ಕಾಸರಗೋಡಿನ ನೆರೆಮನೆ. ಮೇಲಿನ ಕೊಡಗಿನಲ್ಲಿ ಕಾಫಿ ತೋಟದ ಸಿಲ್ವರ್ ಓಕ್ ಮರಗಳಿಗೆ ಮೆಣಸು ಹಬ್ಬಿದರೆ, ಘಟ್ಟದ ಬುಡದ ಈ ಸೀಮೆಯಲ್ಲಿ ಅಡಿಕೆ, ತೆಂಗು, ರಬ್ಬರಿನ ಜೊತೆಗೆ ಅದರ ಬಾಳು. ಮಳೆಗಾಲ ಶುರುವಾದರೆ ತಿಂಗಳುಗಟ್ಟಲೆ ಮಣ್ಣು ಒಣಗುವುದಿಲ್ಲ. ಬೇರು ಬರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಡ. ಬೇರು ಉಳಿಸಿಕೊಳ್ಳುವುದಕ್ಕೆ ಇದಕ್ಕಿಂತ ಕಷ್ಟದ ಜಾಗವೂ ಸಿಗಲಿಕ್ಕಿಲ್ಲ.

ಹಳೆಯ ಕ್ರಮದಲ್ಲಿ ನರ್ಸರಿ ಎಂಬುದೇ ಇರಲಿಲ್ಲ. ಚೆನ್ನಾಗಿ ಕಾಯಿ ಬಿಡುವ ಬಳ್ಳಿಯ ಬುಡದಿಂದ ಹೊರಟ ಹಬ್ಬುಬಳ್ಳಿಯನ್ನು ಕತ್ತರಿಸಿ, ಜಡಿಮಳೆಯ ದಿನಗಳಲ್ಲಿ ನೇರವಾಗಿ ಮರದ ಬುಡಕ್ಕೆ ಊರುತ್ತಿದ್ದರು. ಮಲಯಾಳ ನಾಡಿನಲ್ಲಿ ಇದಕ್ಕೆ ಹೇಳಿ ಮಾಡಿಸಿದ ಕಾಲ ತಿರುವಾದಿರ ಞಾಟ್ಟುವೇಲ, ಅಂದರೆ ಜೂನ್ ಕೊನೆಯಿಂದ ಜುಲೈ ಮೊದಲ ವಾರದವರೆಗಿನ ಆರಿದ್ರಾ ಮಳೆ. ಪೋರ್ಚುಗೀಸರು ಮೆಣಸಿನ ಬಳ್ಳಿಯನ್ನು ಹಡಗಿನಲ್ಲಿ ಒಯ್ಯುತ್ತಿದ್ದಾರೆಂದು ದೂರು ಬಂದಾಗ, ‘ಬಳ್ಳಿ ಒಯ್ಯಲಿ, ನಮ್ಮ ತಿರುವಾದಿರ ಮಳೆ ಒಯ್ಯಲಾರರಲ್ಲ’ ಎಂದು ಕಲ್ಲಿಕೋಟೆಯ ಸಾಮೂದಿರಿ ನಕ್ಕನೆಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ಕಥೆ ನಿಜವೋ ಸುಳ್ಳೋ, ಅದರ ಕೃಷಿಜ್ಞಾನ ಮಾತ್ರ ಸರಿಯಾಗಿದೆ: ಬೇರಿಲ್ಲದ ತುಂಡು ಎಲೆಯಿಂದ ನೀರು ಕಳೆದುಕೊಳ್ಳುತ್ತದೆ, ಹೀರಿಕೊಳ್ಳಲಾರದು, ಗಾಳಿಯೇ ತೇವದಿಂದ ತುಂಬಿರುವ ಹದಿನೈದು ದಿನಗಳು ಅದನ್ನು ಬದುಕಿಸುತ್ತವೆ. ಆದರೂ ಹೀಗೆ ಊರಿದ್ದರಲ್ಲಿ ಸಾಕಷ್ಟು ತುಂಡುಗಳು ಸಾಯುತ್ತಿದ್ದವು. ಬಳ್ಳಿ ಬೇಕಾದಷ್ಟಿದ್ದುದರಿಂದ ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ.

ತಲೆಕೆಡಿಸಿಕೊಳ್ಳುವ ಕಾಲ ಬಂದದ್ದು ಪನ್ನಿಯೂರಿನಿಂದ. ಕಣ್ಣೂರು ಜಿಲ್ಲೆಯ ತಳಿಪರಂಬದ ಬಳಿಯ ಪನ್ನಿಯೂರಿನಲ್ಲಿ 1950ರ ದಶಕದ ಆರಂಭದಲ್ಲಿ ಕಾಳುಮೆಣಸಿನ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿ ಉದಿರಂಕೊಟ್ಟ ಮತ್ತು ಚೆರಿಯಕಣಿಯಕ್ಕಾಡನ್ ಎಂಬ ಎರಡು ನಾಡತಳಿಗಳನ್ನು ಕೂಡಿಸಿ ಪಡೆದ ಪನ್ನಿಯೂರು-1, ಕಾಳುಮೆಣಸಿನ ಮೊದಲ ಮಿಶ್ರತಳಿ. ಉದ್ದನೆಯ ಗೊನೆ, ದಪ್ಪ ಕಾಳು, ಹೆಚ್ಚು ಇಳುವರಿ ಎಂದು 1970ರ ದಶಕದಲ್ಲಿ ಅದಕ್ಕೆ ಎಲ್ಲೆಡೆ ಬೇಡಿಕೆ. ಮಿಶ್ರತಳಿಯ ಬೀಜ ಹಾಕಿದರೆ ತಾಯಿಯ ಗುಣ ಬರುವುದಿಲ್ಲ, ತುಂಡಿನಿಂದಲೇ ಮಾಡಬೇಕು. ಒಂದೇ ತಳಿಯ ಲಕ್ಷಗಟ್ಟಲೆ ಸಸಿ ಬೇಕು, ತಾಯಿಬಳ್ಳಿ ಮಾತ್ರ ಕೆಲವೇ. ಒಂದೊಂದು ತುಂಡೂ ಬೆಲೆಬಾಳುವ ವಸ್ತುವಾಯಿತು.

ಆಗ ರೂಢಿಗೆ ಬಂದ ನರ್ಸರಿ ಕ್ರಮ ಇಂದಿಗೂ ಹೆಚ್ಚಿನ ತೋಟಗಳಲ್ಲಿ ನಡೆಯುತ್ತಿದೆ. ಹಬ್ಬುಬಳ್ಳಿಗಳು ನೆಲದಲ್ಲಿ ಹರಿದು ಅಲ್ಲಲ್ಲೇ ಬೇರು ಬಿಡದಂತೆ, ಅವನ್ನು ಸುರುಳಿ ಸುತ್ತಿ ತಾಯಿಬಳ್ಳಿಯ ಬುಡದ ಗೂಟಕ್ಕೆ ಕಟ್ಟಿಡುತ್ತಾರೆ. ಫೆಬ್ರುವರಿ–ಮಾರ್ಚಿನಲ್ಲಿ ಕತ್ತರಿಸಿ, ತೀರ ಎಳತಾದ ತುದಿಯನ್ನೂ ಬಲಿತು ಗಟ್ಟಿಯಾದ ಬುಡವನ್ನೂ ಬಿಟ್ಟು, ನಡುಭಾಗವನ್ನು ಎರಡು–ಮೂರು ಗೆಣ್ಣಿನ ತುಂಡುಗಳಾಗಿ ಮಾಡುತ್ತಾರೆ. ತೊಟ್ಟು ಉಳಿಸಿ ಎಲೆ ಕತ್ತರಿಸುತ್ತಾರೆ. ಕನಿಷ್ಠ ಒಂದು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ನೆಟ್ಟು, ಚಪ್ಪರದ ನೆರಳಿನಲ್ಲಿ ಇಟ್ಟು, ದಿನವೂ ನೀರು ಚಿಮುಕಿಸಿದರೆ ಮೇ–ಜೂನ್ ಹೊತ್ತಿಗೆ ಸಸಿ ಸಿದ್ಧ. ತೊಟ್ಟೆಯ ತಳದಲ್ಲಿ ತೂತು ಕಡಿಮೆಯಾದರೆ ಬೇರು ಬರುವ ಮೊದಲೇ ತುಂಡು ಕೊಳೆಯುತ್ತದೆ.

ಬೇರು ಬರಿಸುವ ಔಷಧಿ ಎಂದು ಅಂಗಡಿಯಲ್ಲಿ ಸಿಗುವ ಪುಡಿಯ ಮೂಲ ಅಮೆರಿಕದ ಬಾಯ್ಸ್ ಥಾಂಪ್ಸನ್ ಸಂಸ್ಥೆಯ ಪ್ರಯೋಗಶಾಲೆ. 1935ರಲ್ಲಿ ಜಿಮ್ಮರ್‌ಮನ್ ಮತ್ತು ವಿಲ್ಕಾಕ್ಸನ್ ಎಂಬ ವಿಜ್ಞಾನಿಗಳು ಇಂಡೋಲ್ ಬ್ಯುಟಿರಿಕ್ ಆಮ್ಲ ತುಂಡುಗಳಲ್ಲಿ ಬೇರು ಹುಟ್ಟಿಸುವುದನ್ನು ತೋರಿಸಿಕೊಟ್ಟರು. ಐಬಿಎ ಎಂದೇ ನರ್ಸರಿಗಳಲ್ಲಿ ಪರಿಚಿತವಾದ ಇದರ 1000 ಪಿಪಿಎಂ ದ್ರಾವಣದಲ್ಲಿ ಮೆಣಸಿನ ತುಂಡಿನ ಬುಡವನ್ನು 45 ಸೆಕೆಂಡು ಅದ್ದುವುದು ಶಿಫಾರಸು. ಮೆಣಸಿಗೆ ಇದು ಅನಿವಾರ್ಯವೇನಲ್ಲ. ಗೆಣ್ಣಿನಲ್ಲಿ ಮೊದಲೇ ಬೇರಿನ ಮೊಳಕೆ ಇರುವ ಬಳ್ಳಿಗೆ ಔಷಧಿಗಿಂತ ನೆರಳು ಮತ್ತು ತೇವದ ಹದವೇ ಮುಖ್ಯ.

ಸಸಿಗಳ ಸಂಖ್ಯೆ ಹೆಚ್ಚಿಸಿದ್ದು ಬಿದಿರು. ಶ್ರೀಲಂಕಾದಲ್ಲಿ ರೂಪುಗೊಂಡ ಈ ವಿಧಾನವನ್ನು 1978ರಲ್ಲಿ ಬಾವಪ್ಪ ಮತ್ತು ಗುರುಸಿಂಘೆ ಪ್ರಕಟಿಸಿದರು. ಭಾರತದ ಸಂಶೋಧನಾ ಕೇಂದ್ರಗಳು ಅದನ್ನು ಇಲ್ಲಿಗೆ ಹೊಂದಿಸಿದವು. ಸೀಳಿದ ಬಿದಿರಿನ ದಬ್ಬೆಗಳಲ್ಲಿ ತೆಂಗಿನ ನಾರಿನ ಪುಡಿ ಮತ್ತು ಗೊಬ್ಬರ ತುಂಬಿ ಓರೆಯಾಗಿ ನಿಲ್ಲಿಸಿ, ಬುಡದಲ್ಲಿ ಸಸಿ ನೆಟ್ಟು ಬಳ್ಳಿಯನ್ನು ದಬ್ಬೆಯೊಳಗೇ ಹತ್ತಿಸುತ್ತಾರೆ. ಪ್ರತಿ ಗೆಣ್ಣೂ ನಾರಿನೊಳಗೆ ಬೇರು ಬಿಡುತ್ತದೆ. ಮೂರು–ನಾಲ್ಕು ತಿಂಗಳಿಗೆ ತುದಿ ತಲುಪಿದಾಗ ಕುಡಿ ಚಿವುಟಿ, ಬುಡದ ಮೂರು ಗೆಣ್ಣು ಬಿಟ್ಟು ಮೇಲಿನ ಕಾಂಡವನ್ನು ಜಜ್ಜುತ್ತಾರೆ. ಹತ್ತು ದಿನದಲ್ಲಿ ಎಲೆಕಂಕುಳ ಮೊಗ್ಗುಗಳು ಉಬ್ಬುತ್ತವೆ. ಆಮೇಲೆ ಬಳ್ಳಿಯನ್ನು ಒಂದೊಂದು ಗೆಣ್ಣಿನ ತುಂಡಾಗಿಸಿದರೆ ಬೇರು ಸಮೇತ ಸಸಿ. ಒಂದು ತುಂಡಿನಿಂದ ವರ್ಷಕ್ಕೆ ಸುಮಾರು 40 ಸಸಿ ಎಂಬುದು ಇದರ ಲೆಕ್ಕ.

ಬಿದಿರಿನ ಖರ್ಚು ಬೇಡವೆನ್ನುವವರಿಗೆ ಹಾವಿನಂತೆ ನೆಲದಲ್ಲಿ ಹರಿಸುವ ಕ್ರಮವಿದೆ. ಮಣ್ಣು ತುಂಬಿದ ತೊಟ್ಟೆಗಳ ಸಾಲಿನ ಮೇಲೆ ಬಳ್ಳಿಯನ್ನು ಮಲಗಿಸಿ, ಬಂದ ಬಂದ ಗೆಣ್ಣನ್ನು ತೆಂಗಿನ ಗರಿಯ ಕಡ್ಡಿ ಮಡಚಿ ಮಣ್ಣಿಗೆ ಒತ್ತಿ ಹಿಡಿಸುವುದು. ಸಾಮಾನು ಎಲ್ಲ ಮನೆಯಂಗಳದಲ್ಲೇ ಸಿಗುವುದರಿಂದ ಸಣ್ಣ ಬೆಳೆಗಾರರಿಗೆ ಒಗ್ಗಿದ್ದು ಇದೇ.

ಕಲ್ಲಿಕೋಟೆಯ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಸಸಿ ಹೆಚ್ಚಿಸುವ ಈ ಕೆಲಸವನ್ನು ಇನ್ನೂ ಮುಂದಕ್ಕೆ ಒಯ್ದಿತು. 1975ರಲ್ಲಿ ಕಾಸರಗೋಡಿನ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಾಗಿ ಹುಟ್ಟಿ, 1995ರಲ್ಲಿ ಈಗಿನ ರೂಪದ ಸಂಸ್ಥೆಯಾದ ಇದಕ್ಕೆ ಮಡಿಕೇರಿ ಬಳಿಯ ಅಪ್ಪಂಗಳದಲ್ಲೂ ಕೇಂದ್ರವಿದೆ. ಎರಡು ಮೀಟರ್ ಎತ್ತರದ ಬಲೆಯ ಕಂಬದೊಳಗೆ ನಾರಿನ ಪುಡಿ ಮತ್ತು ಎರೆಗೊಬ್ಬರ ತುಂಬಿ, ಸುತ್ತಲೂ ಎಂಟು–ಹತ್ತು ಸಸಿ ಹತ್ತಿಸುವುದು ಅಲ್ಲಿಂದ ಬಂದ ವಿಧಾನ. ಇಲ್ಲಿ ಮಣ್ಣೇ ಇಲ್ಲ. ತಟ್ಟೆಯ ಗುಳಿಗಳಲ್ಲಿ ನಾರಿನ ಪುಡಿ ಹಾಕಿ ಒಂದೊಂದು ಗೆಣ್ಣು ನೆಡುವ ಪ್ರೊ ಟ್ರೇ ಸಸಿಗಳಲ್ಲೂ ಮಣ್ಣಿಲ್ಲ.

ಮಣ್ಣಿಲ್ಲದೆ ಬೇರು ಬದುಕಬಲ್ಲದು ಎಂಬುದು ಜರ್ಮನಿಯ ಯೂಲಿಯಸ್ ಫಾನ್ ಸಾಕ್ಸ್ 1860ರ ಸುಮಾರಿಗೆ ಲವಣ ಕರಗಿಸಿದ ನೀರಿನಲ್ಲಿ ಗಿಡ ಬೆಳೆಸಿ ತೋರಿಸಿದ ಸಂಗತಿ. ಈಗಿನ ಹೈಡ್ರೋಪೋನಿಕ್ಸ್ ಬೆಳೆದದ್ದು ಅಂಥ ಪ್ರಯೋಗಗಳಿಂದಲೇ. ಬೇರು ಉಸಿರಾಡಬೇಕು, ಆಮ್ಲಜನಕವೋ ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ. ನೀರಿನ ತೊಟ್ಟಿಯಲ್ಲಿ ಬೇರು ಬೆಳೆಸುವವರು ಪಂಪಿನಿಂದ ಗಾಳಿ ಊದುವುದು ಇದಕ್ಕೇ. ನಾರಿನ ಪುಡಿ ನೀರನ್ನೂ ಹಿಡಿದು ಗಾಳಿಗೂ ಜಾಗ ಬಿಡುವುದರಿಂದ ಆ ಯಂತ್ರದ ಕೆಲಸವನ್ನು ತಾನೇ ಮಾಡುತ್ತದೆ. ಉಸಿರುಗಟ್ಟಿದ ಬೇರು ಮೊದಲು ದುರ್ಬಲವಾಗುತ್ತದೆ. ಕೊಳೆಸುವ ಜೀವಿ ಬರುವುದು ಆಮೇಲೆ.

ಭಾರತದಲ್ಲಿ ಆ ಜೀವಿಯ ಪತ್ತೆಗೆ ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ವಯನಾಡಿನ ಮೆಣಸು ತೋಟಗಳು ಸಾಲುಸಾಲಾಗಿ ಒಣಗಿದಾಗ ಮದ್ರಾಸ್ ಸರ್ಕಾರದ ಸಸ್ಯಶಾಸ್ತ್ರಜ್ಞ ಸಿ.ಎ. ಬಾರ್ಬರ್ ಪರಿಶೀಲಿಸಿದರು. ಇಂಡೋನೇಷ್ಯಾದಲ್ಲಿ 1936ರಲ್ಲಿ ಮುಲ್ಲರ್ ಎಂಬ ವಿಜ್ಞಾನಿ ಫೈಟೋಫ್ತೋರಾ ಎಂಬ ಜೀವಿಯೇ ಇದರ ಹಿಂದಿದೆ ಎಂದು ಗುರುತಿಸಿದರು. ಭಾರತದಲ್ಲಿ ಅದು ಖಚಿತವಾದದ್ದು 1966ರಲ್ಲಿ, ಸಾಮ್‌ರಾಜ್ ಮತ್ತು ಜೋಸ್ ಅವರ ವರದಿಯಿಂದ. ಈಗ ಅದನ್ನು ಫೈಟೋಫ್ತೋರಾ ಕ್ಯಾಪ್ಸಿಸಿ ಎಂದು ಕರೆಯುತ್ತಾರೆ. 1922ರಲ್ಲಿ ನ್ಯೂ ಮೆಕ್ಸಿಕೋದ ಹಸಿಮೆಣಸಿನ ಗಿಡದಲ್ಲಿ ಮೊದಲು ವರ್ಣಿಸಲಾದ ಜಾತಿ.

ರೈತರು ಶಿಲೀಂಧ್ರವೆಂದೇ ಹೇಳಿದರೂ ಇದು ನಿಜವಾದ ಶಿಲೀಂಧ್ರವಲ್ಲ, ಪಾಚಿಗಳ ದೂರದ ನೆಂಟ. ಇದರ ಬೀಜಾಣುಗಳಿಗೆ ಎರಡು ಬಾಲಗಳಿದ್ದು, ಮಣ್ಣಿನ ಕಣಗಳ ನಡುವಿನ ನೀರಿನ ಪದರದಲ್ಲಿ ಈಜುತ್ತವೆ. ಬೇರಿನಿಂದ ಒಸರುವ ಸಕ್ಕರೆ, ಅಮೈನೋ ಆಮ್ಲಗಳ ಜಾಡು ಹಿಡಿದು ಎಳೆಬೇರಿನ ತುದಿಗೆ ಬಂದು ಅಂಟುತ್ತವೆ. ಮಳೆಹನಿಯೊಂದಿಗೆ ಸಿಡಿದು ನೆಲದ ಹಬ್ಬುಬಳ್ಳಿಯ ಎಲೆಗೆ ಹತ್ತಿದರೆ ಅಂಚು ಹರಡಿದ ಕಪ್ಪು ಕಲೆ ಕಾಣುತ್ತದೆ. ಅದು ತೋಟಗಾರನಿಗೆ ಸಿಗುವ ಮೊದಲ ಎಚ್ಚರಿಕೆ. ಕಾಂಡದ ಬುಡಕ್ಕೆ ತಗಲಿದರೆ ಇಡೀ ಬಳ್ಳಿ ಎರಡು–ಮೂರು ವಾರದಲ್ಲಿ ಎಲೆ ಉದುರಿಸಿ ಸಾಯುತ್ತದೆ. ಎಳೆಬೇರಿಗಷ್ಟೇ ತಗಲಿದರೆ ಮೋಸ ಹೆಚ್ಚು. ಮಳೆ ಇರುವವರೆಗೆ ಉಳಿದ ನಾಲ್ಕು ಬೇರಿನಿಂದ ಬಳ್ಳಿ ಹಸಿರಾಗೇ ನಿಂತಿರುತ್ತದೆ. ಮಳೆ ನಿಂತು ಅಕ್ಟೋಬರ್–ನವೆಂಬರಿನಲ್ಲಿ ಮಣ್ಣು ಒಣಗುವಾಗ ಒಮ್ಮೆಲೇ ಸೊರಗುತ್ತದೆ. ನೀರು ಸಾಲದೆಂದು ಆಗ ನೀರು ಹನಿಸುವವರೂ ಇದ್ದಾರೆ. ರೋಗ ಬಂದಿದ್ದು ಜುಲೈಯಲ್ಲಿ.

ನಿಧಾನ ಸೊರಗು ಎಂಬ ಇನ್ನೊಂದು ರೋಗದ್ದು ಬೇರೆ ಕಥೆ. ಅಲ್ಲಿ ಮುಖ್ಯ ಅಪರಾಧಿ ಬೇರು ಕೊರೆಯುವ ಮತ್ತು ಬೇರುಗಂಟು ಮಾಡುವ ಜಂತುಹುಳುಗಳು. ಅವು ಮಾಡಿದ ಗಾಯದ ಮೂಲಕ ಕೊಳೆ ಒಳಹೋಗುತ್ತದೆ.

ಇವೆಲ್ಲ ಹೊಸ ತೋಟಕ್ಕೆ ಬರುವ ಮುಖ್ಯ ವಾಹನ ಸಸಿಯೇ. ರೋಗದ ತೋಟದ ಮಣ್ಣು ತುಂಬಿದ ತೊಟ್ಟೆಯಲ್ಲಿ ಹಸಿರಾಗಿ ಕಾಣುವ ಸಸಿ ಜಂತುಹುಳುವನ್ನೂ ಫೈಟೋಫ್ತೋರಾವನ್ನೂ ಹೊತ್ತು ಜಿಲ್ಲೆ ದಾಟುತ್ತದೆ. ತುಂಡು ತಾಯಿಯ ನಕಲಾದ್ದರಿಂದ ತಾಯಿಬಳ್ಳಿಯಲ್ಲಿದ್ದ ವೈರಸ್ ಕೂಡ ಎಲ್ಲ ಮಕ್ಕಳಿಗೂ ಹಂಚಿಹೋಗುತ್ತದೆ. ಕುಬ್ಜ ಎಲೆಯ ರೋಗ ಹರಡಿದ್ದು ಹೀಗೆ. ನರ್ಸರಿಯ ಮಣ್ಣನ್ನು ಬೇಸಿಗೆಯಲ್ಲಿ ಒದ್ದೆ ಮಾಡಿ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಬಿಸಿಲಿಗೆ ಬೇಯಿಸುವುದು, ನೆಡುವ ಮಿಶ್ರಣಕ್ಕೆ ಟ್ರೈಕೋಡರ್ಮಾ ಎಂಬ ಒಳ್ಳೆಯ ಶಿಲೀಂಧ್ರ ಬೆರೆಸುವುದು ಇದಕ್ಕಾಗಿಯೇ ಬಂದ ಪದ್ಧತಿಗಳು.

ತೋಟದ ಔಷಧಿ ಬಂದದ್ದು ದ್ರಾಕ್ಷಿಯಿಂದ, ಅಡಿಕೆಯ ಮೂಲಕ. ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಯ ರೋಗಕ್ಕೆ ಮೈಲುತುತ್ತ–ಸುಣ್ಣದ ಬೋರ್ಡೋ ಮಿಶ್ರಣವನ್ನು ಪ್ರಕಟಿಸಿದರು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ಕೊಳೆರೋಗವನ್ನು ಅಭ್ಯಸಿಸಿ, ಅದೂ ಒಂದು ಫೈಟೋಫ್ತೋರಾ ಎಂದು 1910ರ ವರದಿಯಲ್ಲಿ ತೋರಿಸಿ, ಗೊನೆಗೆ ಬೋರ್ಡೋ ಸಿಂಪಡಿಸುವ ಕ್ರಮವನ್ನು ರೂಢಿಗೆ ತಂದರು. ಅಡಿಕೆಗೂ ಮೆಣಸಿಗೂ ತಗಲುವ ಜಾತಿ ಬೇರೆ, ಮದ್ದು ಒಂದೇ. ಅಡಿಕೆ ಮರಕ್ಕೆ ಮೆಣಸು ಹಬ್ಬಿಸಿದ ಕಡೆ ಮಳೆಗಾಲದ ಮೊದಲಿನ ಒಂದೇ ಸಿಂಪಡಣೆಯ ದಿನ ಎರಡಕ್ಕೂ ಆಗುತ್ತದೆ.

ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಟ್ಟ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರು ಸುರಿಯಬೇಕು. ಮಸೆದ ಕತ್ತಿಯನ್ನು ಅದ್ದಿ ತೆಗೆದಾಗ ತಾಮ್ರದ ಕೆಂಪು ಅಂಟಿದ್ದರೆ ಸುಣ್ಣ ಇನ್ನೂ ಬೇಕು. ಎಲೆಗೆ ಇದು ಒಳ್ಳೆಯ ಕವಚ. ಬೇರಿಗೆ ಸಾಲದು, ಬುಡಕ್ಕೆ ಸುರಿಯಲು 0.2 ಪ್ರತಿಶತ ಕಾಪರ್ ಆಕ್ಸಿಕ್ಲೋರೈಡ್, ರೋಗ ಕಾಣಿಸಿದರೆ ಮೆಟಲಾಕ್ಸಿಲ್–ಮ್ಯಾಂಕೋಜೆಬ್ ಅಥವಾ ಪೊಟ್ಯಾಶಿಯಂ ಫಾಸ್ಫೋನೇಟ್ ಬಳಕೆಯಲ್ಲಿವೆ. ಬುಡಕ್ಕೆ ಬೇವಿನ ಹಿಂಡಿಯಲ್ಲಿ ಬೆಳೆಸಿದ ಟ್ರೈಕೋಡರ್ಮಾ ಹಾಕುವವರು ತಾಮ್ರದ ಮದ್ದಿನಿಂದ ಎರಡು ವಾರವಾದರೂ ದೂರ ಇಡಬೇಕು. ಒಂದೇ ವಾರದಲ್ಲಿ ಎರಡನ್ನೂ ಕೊಟ್ಟು, ದುಡ್ಡು ಕೊಟ್ಟು ತಂದ ಒಳ್ಳೆಯ ಶಿಲೀಂಧ್ರವನ್ನು ತಾವೇ ಕೊಲ್ಲುವುದು ತೋಟಗಳಲ್ಲಿ ಕಾಣುವ ಸಾಮಾನ್ಯ ತಪ್ಪು.

ಮದ್ದಿಗಿಂತ ಮೊದಲಿನದು ಕತ್ತಿ–ಗುದ್ದಲಿಯ ಕೆಲಸ. ಮೇ ತಿಂಗಳಲ್ಲಿ ಆಧಾರ ಮರದ ಕೊಂಬೆ ಸವರಿ ಬೆಳಕು ಬಿಡುವುದು, ನೆಲಕ್ಕೆ ತಾಗುವ ಹಬ್ಬುಬಳ್ಳಿ ಕಟ್ಟುವುದು ಅಥವಾ ತೆಗೆಯುವುದು, ಬುಡದಲ್ಲಿ ನೀರು ನಿಲ್ಲದಂತೆ ಕಣಿ ತೋಡುವುದು, ಸತ್ತ ಬಳ್ಳಿಯನ್ನು ಬೇರು ಸಮೇತ ಕಿತ್ತು ಸುಡುವುದು. ಮಳೆಗಾಲದಲ್ಲಿ ಬುಡ ಕೆದಕಿ ಬೇರು ಗಾಯ ಮಾಡಬಾರದು. ಕೊಳೆತ ಬೇರು ಮತ್ತೆ ಚಿಗುರುವುದಿಲ್ಲ. ಬಳ್ಳಿ ಬದುಕುವುದು ಹೊಸ ಬೇರು ಬಂದರೆ ಮಾತ್ರ. ಎಲೆ ಹಳದಿಯಾಗುವ ಮೊದಲು ಹಿಡಿದ ಬಳ್ಳಿಗೆ ಆ ಅವಕಾಶ ಇರುತ್ತದೆ.

ತಳಿಯ ದಾರಿಯೂ ನಡೆದಿದೆ. 2000ದ ದಶಕದಲ್ಲಿ ಬಿಡುಗಡೆಯಾದ ತೇವಂ ಮತ್ತು ಶಕ್ತಿ ತಳಿಗಳು ಕೊಳೆಯನ್ನು ಒಂದಷ್ಟು ತಾಳಿಕೊಳ್ಳುತ್ತವೆ, ಪೂರ್ತಿ ತಡೆಯುವುದಿಲ್ಲ. ಪೂರ್ತಿ ತಡೆಯುವುದು ದಕ್ಷಿಣ ಅಮೆರಿಕದ ಜೌಗು ನೆಲದ ಪೈಪರ್ ಕೊಲುಬ್ರೈನಮ್. ರೈತರ ಬಾಯಲ್ಲಿ ಬ್ರೆಜಿಲ್ ಹಿಪ್ಪಲಿ. ನಿಂತ ನೀರಿನಲ್ಲೂ ಇದರ ಬೇರು ಕೊಳೆಯುವುದಿಲ್ಲ, ಜಂತುಹುಳುವಿಗೂ ಬಗ್ಗುವುದಿಲ್ಲ. ಅದರ ತುಂಡಿಗೆ ಬೇರು ಬರಿಸಿ, ಮೇಲೆ ಪನ್ನಿಯೂರು ಅಥವಾ ಕರಿಮುಂಡ ತಳಿಯ ಕುಡಿ ಕಸಿ ಮಾಡಿದ ಸಸಿಗಳು ಕರಾವಳಿ–ಮಲೆನಾಡಿನ ನರ್ಸರಿಗಳಲ್ಲಿ ಮಾರಾಟಕ್ಕಿವೆ. ಜೌಗಿನ ಗಿಡವಾದ್ದರಿಂದ ಬೇಸಿಗೆಯಲ್ಲಿ ಬಿಡದೆ ನೀರು ಕೊಡಬೇಕು. ಕಸಿಯ ಗಂಟಿನಲ್ಲಿ ಮೇಲಿನ ಕಾಂಡ ದಪ್ಪವಾಗಿ ಕೆಳಗಿನದು ಸಣ್ಣಗೇ ಉಳಿದು, ಕೆಲವು ವರ್ಷಗಳ ಮೇಲೆ ಅಲ್ಲೇ ಮುರಿಯುವುದೂ ಉಂಟು. ಆದ್ದರಿಂದ ಕಸಿ ಸಸಿಯನ್ನು ನೀರು ನಿಲ್ಲುವ ಅಡಿಕೆ ತೋಟದ ತಗ್ಗಿಗೂ, ಸ್ವಂತ ಬೇರಿನ ಬಳ್ಳಿಯನ್ನು ನೀರು ಬಸಿದುಹೋಗುವ ದಿಣ್ಣೆಗೂ ಇಡುವುದು ಸರಿಯಾದ ಹಂಚಿಕೆ.