ಬಾಣಂತಿಯ ಮನೆಯ ಬಾಗಿಲು ತೆರೆದಿರಲಿ

ಹೆರಿಗೆ ಸುಸೂತ್ರವಾಗಿ ಆಯಿತೆಂದರೆ ಗಂಡಾಂತರ ಕಳೆಯಿತೆಂದು ಮನೆಮಂದಿ ನೆಮ್ಮದಿಯ ಉಸಿರು ಬಿಡುತ್ತಾರೆ. ವೈದ್ಯಶಾಸ್ತ್ರವು ಹಾಗೆ ಹೇಳುವುದಿಲ್ಲ. ನವಜಾತ ಶಿಶುಗಳ ಮರಣಗಳಲ್ಲಿ ಸುಮಾರು ಮುಕ್ಕಾಲು ಪಾಲು ಜನನದ ಮೊದಲ ವಾರದಲ್ಲಿಯೇ ಸಂಭವಿಸುತ್ತವೆ. ತಾಯಿಗೂ ರಕ್ತಸ್ರಾವ, ನಂಜು, ರಕ್ತದೊತ್ತಡದ ಭಯ ಹೆರಿಗೆಯ ನಂತರವೂ ಉಳಿದಿರುತ್ತದೆ. ಆಸ್ಪತ್ರೆಯಿಂದ ಎರಡು ಮೂರು ದಿನಗಳಲ್ಲಿ ಮನೆಗೆ ಬರುವ ಬಾಣಂತಿಯು ಈ ಸೂಕ್ಷ್ಮ ಕಾಲದ ಬಹುಭಾಗವನ್ನು ಮನೆಯಲ್ಲಿಯೇ ಕಳೆಯುತ್ತಾಳೆ. ಆದ್ದರಿಂದ ಬಲ್ಲವರೊಬ್ಬರು ಮನೆಗೇ ಬಂದು ನೋಡುವುದು ಅವಶ್ಯ.

ಇದು ನಮ್ಮ ಪ್ರಾಚೀನರಿಗೆ ತಿಳಿದ ವಿಷಯವೇ. ಸುಶ್ರುತಾಚಾರ್ಯರು ಹೆರಿಗೆಯ ನಂತರದ ಒಂದೂವರೆ ತಿಂಗಳನ್ನು ಸೂತಿಕಾಕಾಲವೆಂದು ಕರೆದರು. ಹಲವು ಬಾರಿ ಹೆತ್ತ ಅನುಭವಿ ಸ್ತ್ರೀಯರು ಸೂತಿಕಾಗೃಹದಲ್ಲಿ ಜೊತೆಗಿರಬೇಕೆಂದು ಚರಕಸಂಹಿತೆ ವಿಧಿಸಿತು. ಇಂದಿನ ವೈದ್ಯಶಾಸ್ತ್ರವು ಹೇಳುವ 42 ದಿನಗಳ ಬಾಣಂತನವೂ ಹೆಚ್ಚುಕಡಿಮೆ ಅದೇ ಅವಧಿ.

ಆರು ಭೇಟಿಗಳು

2011ರಿಂದ ದೇಶದಲ್ಲಿ ಗೃಹಾಧಾರಿತ ನವಜಾತ ಶಿಶು ಆರೈಕೆ ಕಾರ್ಯಕ್ರಮ ಜಾರಿಯಲ್ಲಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಂದು ಮನೆಗೆ ಬರಬೇಕು. ಮನೆಯಲ್ಲಿ ಹೆರಿಗೆಯಾದರೆ ಮೊದಲ ದಿನವೂ ಬರಬೇಕು. ಉಪಕೇಂದ್ರದ ಸಿಸ್ಟರ್ ಅವರ ನೆರವು ಆಕೆಗಿರುತ್ತದೆ. ಆಕೆ ಕೂಸನ್ನು ತೂಗುತ್ತಾಳೆ, ಮೈಶಾಖ ಅಳೆಯುತ್ತಾಳೆ, ಉಸಿರೆಣಿಸುತ್ತಾಳೆ, ಹೊಕ್ಕುಳು ನೋಡುತ್ತಾಳೆ, ಹಾಲುಣಿಸುವ ರೀತಿಯನ್ನು ತಿದ್ದುತ್ತಾಳೆ.

ಇಷ್ಟರಿಂದ ಏನಾದೀತೆಂದು ಕೆಲವರು ಕೇಳಬಹುದು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು 39 ಹಳ್ಳಿಗಳಲ್ಲಿ ಊರಿನ ಸ್ತ್ರೀಯರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳುಹಿದರು. ಮೂರು ವರ್ಷಗಳಲ್ಲಿ ಅಲ್ಲಿಯ ನವಜಾತ ಶಿಶುಮರಣವು ನೆರೆಯ ಹಳ್ಳಿಗಳಿಗೆ ಹೋಲಿಸಿದರೆ ಶೇ. 62ರಷ್ಟು ಇಳಿಯಿತು. 1999ರಲ್ಲಿ ಪ್ರಕಟವಾದ ಈ ಅನುಭವವೇ ರಾಷ್ಟ್ರೀಯ ಕಾರ್ಯಕ್ರಮಕ್ಕೆ ದಾರಿಯಾಯಿತು.

ಅಡ್ಡಿಯಾಗಿರುವುದು ಸೂತಕ

ಆದರೂ ಬಾಗಲವಾಡದಂತಹ ನಮ್ಮ ಸೀಮೆಯ ಗ್ರಾಮಗಳಲ್ಲಿ ಬಂದ ಆಶಾಳನ್ನು ಹೊಸ್ತಿಲಲ್ಲಿಯೇ ನಿಲ್ಲಿಸುವ ಮನೆಗಳುಂಟು. ಪುರುಡು ಕಳೆದಿಲ್ಲ, ದೃಷ್ಟಿಯಾದೀತು, ತೂಗಿದರೆ ಕೂಸು ಸೊರಗೀತು ಎಂಬ ನೆಪಗಳು. ಬಂದವಳ ಜಾತಿಯನ್ನು ಬಾಯಿಬಿಟ್ಟು ಕೇಳದೆ ಮನಸ್ಸಿನಲ್ಲಿಯೇ ಎಣಿಸುವವರೂ ಇದ್ದಾರೆ.

ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಅಲ್ಲಗಳೆದರೆಂಬುದು ಸದ್ಭಕ್ತರಿಗೆ ಹೊಸತಲ್ಲ. ಇಷ್ಟಲಿಂಗವನ್ನು ಧರಿಸಿದ ಮನೆಯಲ್ಲಿ ಬಾಣಂತಿಗೆ ಮೈಲಿಗೆಯೆಲ್ಲಿಯದು? ಕೂಸನ್ನು ಎತ್ತಿಕೊಳ್ಳಲು ಬಂದ ಕೈಗೆ ಜಾತಿಯೆಲ್ಲಿಯದು? ಆ ಕೈ ಸಾಬೂನಿನಿಂದ ತೊಳೆದಿದೆಯೇ ಎಂಬುದಷ್ಟೇ ಕೇಳಬೇಕಾದ ಪ್ರಶ್ನೆ. ಮೂರನೆಯ ದಿನ ಮುಚ್ಚಿದ ಬಾಗಿಲು ಹನ್ನೊಂದನೆಯ ದಿನ ತೆರೆದರೆ, ಅತಿ ಮುಖ್ಯವಾದ ಎರಡು ಭೇಟಿಗಳು ತಪ್ಪಿರುತ್ತವೆ.

ಇನ್ನೊಂದು ತೊಡಕು ಊರು ಬದಲಾಗುವುದು. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಬರುತ್ತಾಳೆ. ದೇವದುರ್ಗ, ಮಾನ್ವಿ ಭಾಗದ ಎಷ್ಟೋ ಕುಟುಂಬಗಳು ದುಡಿಯಲು ಬೆಂಗಳೂರಿಗೆ ಹೋಗುತ್ತವೆ. ಎಲ್ಲಿ ಹೋದರೂ ತಾಯಿ ಕಾರ್ಡ್ ಜೊತೆಗಿರಲಿ. ತಲುಪಿದ ದಿನವೇ ಅಲ್ಲಿಯ ಆಶಾಳಿಗೆ ತಿಳಿಸುವುದು ಗಂಡನ, ಅತ್ತೆಯ ಹೊಣೆ.

ಮನೆಯ ಆರೈಕೆ

ಹಿರಿಯರ ಬಾಣಂತನದಲ್ಲಿ ಹಿತವಾದುದು ಬಹಳವಿದೆ. ಬಿಸಿಯಾದ ಮೃದು ಆಹಾರ, ಸಬ್ಬಸಿಗೆ, ಜೀರಿಗೆ, ಮಿತವಾಗಿ ಅಳವಿ ಮತ್ತು ಶುಂಠಿ, ವಿಶ್ರಾಂತಿ ಇವು ಮುಂದುವರಿಯಲಿ. ತಾಯಿಗೆ ನೀರು ಕೊಡದಿರುವುದು ಮಾತ್ರ ತಪ್ಪು. ರಾಯಚೂರಿನ ಬಿಸಿಲಿನಲ್ಲಿ ಅದು ಅಪಾಯಕರ. ಕಬ್ಬಿಣಾಂಶದ ಗುಳಿಗೆಯನ್ನು ಹೆರಿಗೆಯ ನಂತರವೂ 180 ದಿನ ನುಂಗಬೇಕು.

ಕೂಸಿಗೆ ಒಂದು ಗಂಟೆಯೊಳಗೆ ಗಿಣ್ಣುಹಾಲು, ಆರು ತಿಂಗಳವರೆಗೆ ಎದೆಹಾಲು ಮಾತ್ರ. ಜೇನು, ಹರಳೆಣ್ಣೆ, ಬಜೆ, ಗುಟ್ಟಿ ಯಾವುದೂ ಬೇಡ. ಆಯುರ್ವೇದದ ವೈದ್ಯರಾಗಿಯೇ ನಾವಿದನ್ನು ಹೇಳುತ್ತಿದ್ದೇವೆ. ಹೊಕ್ಕುಳಿಗೆ ಬೂದಿ, ಅರಿಶಿನ ಹಚ್ಚಬಾರದು. ಮುಚ್ಚಿದ ಕೋಣೆಯಲ್ಲಿ ಲೋಬಾನದ ಹೊಗೆ ತುಂಬಬಾರದು. ಹೊಟ್ಟೆ ಉಬ್ಬಿತೆಂದು ಬರೆ ಹಾಕುವುದಂತೂ ಕ್ರೌರ್ಯ. 2.5 ಕಿಲೋಗಿಂತ ಕಡಿಮೆ ತೂಕದ ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಅಪ್ಪಿಸಿ ಬೆಚ್ಚಗಿಡಬೇಕು.

ತಡಮಾಡಬಾರದ ಲಕ್ಷಣಗಳು

ಕೂಸಿನಲ್ಲಿ: ಹಾಲು ಚೀಪದಿರುವುದು, ಮಂಕಾಗಿ ಮಲಗಿರುವುದು, ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರು, ಎದೆ ಒಳಸೆಳೆಯುವುದು, ಜ್ವರ ಇಲ್ಲವೆ ಮೈ ತಣ್ಣಗಾಗುವುದು, ಅಂಗಾಲಿನವರೆಗೆ ಕಾಮಾಲೆ, ಹೊಕ್ಕುಳಲ್ಲಿ ಕೀವು, ಸೆಳವು.

ತಾಯಿಯಲ್ಲಿ: ಅತಿ ರಕ್ತಸ್ರಾವ, ಜ್ವರ, ದುರ್ಗಂಧದ ಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಸೆಳವು, ಕಾಲಿನ ಬಾವು ನೋವು. ಕಾರಣವಿಲ್ಲದೆ ಅಳುತ್ತ, ಕೂಸಿನ ಕಡೆ ನೋಡದೆ ಕುಳಿತರೆ ಅದೂ ಚಿಕಿತ್ಸೆ ಬೇಡುವ ವ್ಯಾಧಿಯೇ, ಗಾಳಿಸೋಕಲ್ಲ.

ಇವುಗಳಲ್ಲಿ ಒಂದು ಕಂಡರೂ ತಾಯತಕ್ಕೆ, ಅಂತ್ರಕ್ಕೆ ಕಾಯದೆ 108ಕ್ಕೆ ಕರೆ ಮಾಡಬೇಕು. ಒಂದು ವರ್ಷದೊಳಗಿನ ಕೂಸಿನ ಕಾಯಿಲೆಗೆ ಸರಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಯೂ ವಾಹನವೂ ಉಚಿತ.

ಬಿಸಿಲಿನಲ್ಲಿ ತೂಕದ ಜೋಳಿಗೆ ಹೊತ್ತು ಮನೆಯಿಂದ ಮನೆಗೆ ನಡೆಯುವ ಆಶಾಳದು ನಿಜವಾದ ಕಾಯಕ. ಆಕೆಗೆ ಒಂದು ಲೋಟ ನೀರು, ಕೈತೊಳೆಯಲು ಸಾಬೂನು, ಕೂಡಲು ಚಾಪೆ ಕೊಟ್ಟು ಒಳಗೆ ಕರೆಯುವುದು ಮನೆಯವರು ಮಾಡಬೇಕಾದ ದಾಸೋಹ. ಅದರ ಫಲವು ತೊಟ್ಟಿಲಲ್ಲಿ ಕಾಣಿಸುತ್ತದೆ.