ಅರ್ಜಿಯನ್ನೇ ಸಲ್ಲಿಸದ ಕುಟುಂಬಗಳು: ಕೇರಳದ ಅತಿಬಡತನ ನಿರ್ಮೂಲನಾ ಕಾರ್ಯಕ್ರಮ

ನೆರೆಯ ಕೇರಳ ರಾಜ್ಯವು 2021ರಲ್ಲಿ ಕೈಗೆತ್ತಿಕೊಂಡ ಅತಿಬಡತನ ನಿರ್ಮೂಲನಾ ಕಾರ್ಯಕ್ರಮದ ಕಾರ್ಯವಿಧಾನವು ಗ್ರಾಮ ಪಂಚಾಯಿತಿ ಸದಸ್ಯರು ಅರಿತಿರಬೇಕಾದದ್ದಾಗಿದೆ. ಕಲ್ಯಾಣ ಯೋಜನೆಗಳು ಸಾಮಾನ್ಯವಾಗಿ ಅರ್ಜಿಯಿಂದ ಆರಂಭವಾಗುತ್ತವೆ. ಪಡಿತರ ಚೀಟಿ, ಆಧಾರ್, ಬ್ಯಾಂಕ್ ಖಾತೆ ಉಳ್ಳವರು ಅರ್ಜಿ ಸಲ್ಲಿಸುತ್ತಾರೆ. ಇವಾವುವೂ ಇಲ್ಲದವರು ಪಂಚಾಯಿತಿಯ ಮೆಟ್ಟಿಲನ್ನೇ ಹತ್ತುವುದಿಲ್ಲ. ಕೇರಳದಲ್ಲಿ ಅಂಥವರನ್ನು ಹುಡುಕುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೇ ವಹಿಸಲಾಯಿತು.

ಆಹಾರ, ಆರೋಗ್ಯ, ಆದಾಯ, ವಸತಿ ಎಂಬ ನಾಲ್ಕು ಕೊರತೆಗಳನ್ನು ಮಾನದಂಡವಾಗಿ ಇರಿಸಿಕೊಳ್ಳಲಾಯಿತು. ವಾರ್ಡ್ ಮಟ್ಟದಲ್ಲಿ ಸ್ಥಳೀಯರು ಗುಂಪು ಚರ್ಚೆ ನಡೆಸಿ ಹೆಸರುಗಳನ್ನು ಸೂಚಿಸಿದರು. ಯಾವ ಮನೆಯಲ್ಲಿ ಒಲೆ ಉರಿಯುತ್ತಿಲ್ಲ ಎಂಬುದು ನೆರೆಹೊರೆಗೆ ತಿಳಿದಷ್ಟು ಕಚೇರಿಯ ಕಡತಕ್ಕೆ ತಿಳಿಯದು. ಬಳಿಕ ಮನೆ ಭೇಟಿ, ಮೊಬೈಲ್ ಆ್ಯಪ್‌ನಲ್ಲಿ ದಾಖಲಾತಿ, ಮರುಪರಿಶೀಲನೆ ನಡೆದು, ಗ್ರಾಮಸಭೆಯ ಮುಂದೆ ಪಟ್ಟಿಯನ್ನು ಮಂಡಿಸಲಾಯಿತು. ಹೀಗೆ ರಾಜ್ಯದಾದ್ಯಂತ ಗುರುತಿಸಲಾದ ಕುಟುಂಬಗಳು 64,006. ಇವುಗಳಲ್ಲಿ ಒಬ್ಬರೇ ವಾಸಿಸುವ ಮನೆಗಳು ಬಹಳ.

ಪ್ರತಿ ಕುಟುಂಬಕ್ಕೂ ಪ್ರತ್ಯೇಕ ಕಿರುಯೋಜನೆಯನ್ನು ರೂಪಿಸಿದ್ದು ಈ ಕಾರ್ಯಕ್ರಮದ ತಿರುಳು. ಹಾಸಿಗೆ ಹಿಡಿದ ಒಂಟಿ ವೃದ್ಧೆಗೆ ಸ್ವಯಂ ಉದ್ಯೋಗದ ಸಾಲದಿಂದ ಪ್ರಯೋಜನವಿಲ್ಲ. ಆಕೆಗೆ ಬೇಕಾದದ್ದು ಬೇಯಿಸಿದ ಊಟ ಮತ್ತು ಔಷಧ. ದುಡಿಯಬಲ್ಲವರಿಗೆ ಜೀವನೋಪಾಯ, ಸೂರಿಲ್ಲದವರಿಗೆ ಮನೆ, ನಿವೇಶನವೂ ಇಲ್ಲದವರಿಗೆ ಮೊದಲು ಭೂಮಿ. ಭೂಮಿ ಒದಗಿಸುವುದು ದೀರ್ಘಕಾಲದ ಕೆಲಸವಾದರೂ ದಾಖಲೆ ಒದಗಿಸುವುದು ಹಾಗಲ್ಲ. ಗುರುತಿನ ಚೀಟಿ, ಪಡಿತರ ಚೀಟಿ ಮುಂತಾದ ಅಗತ್ಯ ದಾಖಲೆಗಳನ್ನು 21,263 ಜನರಿಗೆ ವಿಶೇಷ ಅಭಿಯಾನದ ಮೂಲಕ ಒದಗಿಸಲಾಯಿತು.

2025ರ ನವೆಂಬರ್ 1ರಂದು ಕೇರಳವನ್ನು ಅತಿಬಡತನಮುಕ್ತ ರಾಜ್ಯವೆಂದು ಘೋಷಿಸಲಾಯಿತು. ಆದರೆ ಪಟ್ಟಿಯಲ್ಲಿದ್ದ ಏಕಸದಸ್ಯ ಕುಟುಂಬಗಳ ಪೈಕಿ 4,421 ಮಂದಿ ಅಷ್ಟರೊಳಗೆ ಮೃತಪಟ್ಟಿದ್ದರು. ಇಷ್ಟು ದುರ್ಬಲರ ವಿಷಯದಲ್ಲಿ ಒಂದು ವರ್ಷದ ವಿಳಂಬವೂ ಸಣ್ಣದಲ್ಲ. ಪಟ್ಟಿಯ ಆಧಾರವನ್ನೂ ಘೋಷಣೆಯನ್ನೂ ಕೆಲವು ಅರ್ಥಶಾಸ್ತ್ರಜ್ಞರು ಬಹಿರಂಗವಾಗಿ ಪ್ರಶ್ನಿಸಿದ್ದಾರೆ. ಬುಡಕಟ್ಟು ಜನರ ಸ್ಥಿತಿಯ ಕುರಿತೂ ಆಕ್ಷೇಪಗಳಿವೆ. ಒಮ್ಮೆ ಸಿದ್ಧವಾದ ಪಟ್ಟಿಯು, ಮರುವರ್ಷ ದುಡಿಯುವವರನ್ನು ಕಳೆದುಕೊಂಡ ಮನೆಯನ್ನು ತಾನಾಗಿ ಸೇರಿಸಿಕೊಳ್ಳುವುದಿಲ್ಲವೆಂಬುದು ನಿಜ.

ಕರ್ನಾಟಕದಲ್ಲಿಯೂ ವಸತಿ ಯೋಜನೆಗಳ ಫಲಾನುಭವಿಗಳ ಆಯ್ಕೆಯು ಗ್ರಾಮಸಭೆಯ ಮುಂದೆಯೇ ಬರುತ್ತದೆ. ಸಭೆಗೆ ಬಾರದ, ಅರ್ಜಿಯನ್ನೂ ನೀಡದ ಮನೆಗಳನ್ನು ಸದಸ್ಯರು ತಮ್ಮ ವಾರ್ಡಿನಲ್ಲಿ ಸಭೆಗೆ ಮುನ್ನವೇ ಗುರುತಿಸಿ, ಅವರಿಗೆ ಯಾವ ದಾಖಲೆ ಇಲ್ಲವೆಂಬುದನ್ನು ಬರೆದುಕೊಳ್ಳಲು ಪ್ರತ್ಯೇಕ ಅನುದಾನದ ಅಗತ್ಯವಿಲ್ಲ.