ನೀಹಾರಿಕೆಯ ಛಾಯಾಚಿತ್ರವೂ ಪಾಠಪರಿಷ್ಕರಣವೂ

ಓಲೆಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವ ಕಾರ್ಯದಲ್ಲಿ ತೊಡಗಿರುವ ವಿದ್ವಾಂಸರಿಗೆ ಆಕಾಶದ ಛಾಯಾಚಿತ್ರಗಳ ವಿಷಯವು ಅಪ್ರಕೃತವೆಂದು ತೋರಬಹುದು. ಆದರೆ ಈ ಎರಡು ಕಾರ್ಯಗಳೂ ಒಂದೇ ನ್ಯಾಯವನ್ನು ಅನುಸರಿಸತಕ್ಕವುಗಳೆಂಬುದು ಜಗಳೂರಿನ ನನ್ನ ಮನೆಯ ಹಿತ್ತಿಲಲ್ಲಿ, ನನ್ನದೇ ಆದ ಒಂದು ತಪ್ಪಿನ ಮೂಲಕ, ನನಗೆ ಮನವರಿಕೆಯಾಯಿತು. ವರ್ಣರಂಜಿತವಾದ ನೀಹಾರಿಕೆಗಳ ಚಿತ್ರಗಳು ಈಗ ಪಾಠಶಾಲೆಗಳ ಗೋಡೆಗಳ ಮೇಲೆಯೂ ಪುಸ್ತಕಗಳಲ್ಲಿಯೂ ಹೇರಳವಾಗಿರುವುದರಿಂದ, ಅವುಗಳನ್ನು ಎಷ್ಟರಮಟ್ಟಿಗೆ ನಂಬಬೇಕು, ಏನನ್ನು ಕೇಳಿ ನಂಬಬೇಕು ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶವು.

1. ಹೆಸರು ಮತ್ತು ವಸ್ತು

'ನೀಹಾರ' ಶಬ್ದವನ್ನು ಅಮರಸಿಂಹನು ತುಷಾರ, ತುಹಿನ, ಹಿಮ ಎಂಬ ಶಬ್ದಗಳೊಡನೆ ಹೇಳಿರುವನು. ಆಕಾಶದಲ್ಲಿ ಮಂಜಿನ ತುಣುಕಿನಂತೆ ಕಾಣುವ ವಸ್ತುವಿಗೆ ನೀಹಾರಿಕೆಯೆಂಬ ಹೆಸರು ಅದರಿಂದಲೇ ಬಂದಿತು. ಲ್ಯಾಟಿನ್ ಭಾಷೆಯ 'ನೆಬ್ಯುಲ' ಶಬ್ದಕ್ಕೂ ಮಂಜೆಂದೇ ಅರ್ಥ. ಅದೂ ನಮ್ಮ 'ನಭಸ್' ಶಬ್ದವೂ ಒಂದೇ ಮೂಲದಿಂದ ಹುಟ್ಟಿದವುಗಳೆಂದು ಭಾಷಾಶಾಸ್ತ್ರಜ್ಞರು ಒಪ್ಪಿರುವರು. ಇವುಗಳಲ್ಲಿ ಪ್ರಸಿದ್ಧವಾದುದು ಮೃಗಶಿರೆಯ ದಕ್ಷಿಣಕ್ಕೆ ಇರುವುದು. ಅಲ್ಲಿ ಸಾಲಾಗಿ ನಿಂತಿರುವ ಮೂರು ತಾರೆಗಳನ್ನು ಐತರೇಯ ಬ್ರಾಹ್ಮಣದ ಕಥೆಯಲ್ಲಿ ಬರುವ ತ್ರಿಕಾಂಡಬಾಣವೆಂದು ವಿದ್ವಾಂಸರು ಗುರುತಿಸಿರುವರು. ಆ ಬಾಣದ ಕೆಳಗೆ, ಸ್ವಲ್ಪ ಮಸುಕಾದ ತಾರೆಯಂತೆ ಬರಿಗಣ್ಣಿಗೂ ಕಾಣುವುದೇ ಆ ನೀಹಾರಿಕೆ. ಅದು ನಮಗೆ ಸುಮಾರು 1,350 ಜ್ಯೋತಿರ್ವರ್ಷಗಳ ದೂರದಲ್ಲಿದೆ. ಎಂದರೆ, ಈಗ ನಮ್ಮ ಕಣ್ಣನ್ನು ಮುಟ್ಟುತ್ತಿರುವ ಬೆಳಕು ಅಲ್ಲಿಂದ ಹೊರಟಾಗ ಕನ್ನಡನಾಡನ್ನು ಬಾದಾಮಿಯ ಚಾಲುಕ್ಯರು ಆಳುತ್ತಿದ್ದರು.

2. ಕೈಬರಹದ ಚಿತ್ರಗಳು

ಈ ನೀಹಾರಿಕೆಯ ಚಿತ್ರವನ್ನು ಹಾಯ್ಗೆನ್ಸನು 1659 ರಲ್ಲಿ ಪ್ರಕಟಿಸಿದನು. ಅವನ ತರುವಾಯ ಎರಡು ಶತಮಾನಗಳ ಕಾಲ ಅನೇಕರು ದೂರದರ್ಶಕದಲ್ಲಿ ನೋಡಿನೋಡಿ ಅದನ್ನು ಕೈಯಿಂದ ಬರೆದರು. ಆ ಚಿತ್ರಗಳು ಒಂದನ್ನೊಂದು ಹೋಲಲಿಲ್ಲ. ವ್ಯತ್ಯಾಸವು ವಸ್ತುವಿನಲ್ಲಿಯೇ ಆದುದೋ ಬರೆದವರ ಕಣ್ಣು ಕೈಗಳಲ್ಲಿ ಆದುದೋ ಎಂಬುದನ್ನು ನಿರ್ಣಯಿಸುವ ಉಪಾಯವಿರಲಿಲ್ಲ. ಲಿಪಿಕಾರನ ಕೈಯಲ್ಲಿ ಪಾಠಭೇದಗಳು ಹುಟ್ಟುವ ಬಗೆಯನ್ನು ಬಲ್ಲವರಿಗೆ ಈ ಸಂಕಟವು ಹೊಸದಲ್ಲ. 1880 ನೆಯ ಇಸವಿ ಸೆಪ್ಟೆಂಬರ್ 30 ರಂದು ಅಮೆರಿಕದ ಹೆನ್ರಿ ಡ್ರೇಪರನು 11 ಅಂಗುಲ ವ್ಯಾಸದ ಮಸೂರವುಳ್ಳ ದೂರದರ್ಶಕಕ್ಕೆ ಛಾಯಾಫಲಕವನ್ನು ಜೋಡಿಸಿ, 51 ನಿಮಿಷಗಳ ಕಾಲ ಬೆಳಕನ್ನು ಬೀಳಗೊಟ್ಟು, ಇದೇ ನೀಹಾರಿಕೆಯ ಮೊದಲನೆಯ ಛಾಯಾಚಿತ್ರವನ್ನು ಪಡೆದನು. ಕಣ್ಣು ಬೆಳಕನ್ನು ಕೂಡಿಡಲಾರದು. ಕ್ಷಣಕ್ಷಣಕ್ಕೂ ಬಂದುದನ್ನು ಕಂಡು ಬಿಡುವುದು. ಫಲಕವಾದರೋ ಹನಿಹನಿಯಾಗಿ ಬಂದುದನ್ನೆಲ್ಲ ಕೂಡಿಡುವುದು. ಛಾಯಾಗ್ರಹಣದ ಹೆಚ್ಚುಗಾರಿಕೆಯೆಲ್ಲವೂ ಇದರಲ್ಲಿದೆ.

3. ಹಿತ್ತಿಲಿನ ಪ್ರಯೋಗ

ಕಳೆದ ಮಾರ್ಗಶಿರದಲ್ಲಿ, ಭೌತಶಾಸ್ತ್ರವನ್ನು ಓದುತ್ತಿರುವ ನನ್ನ ಸೋದರಳಿಯನ ಒತ್ತಾಯದಿಂದ, 80 ಮಿಲಿಮೀಟರ್ ವ್ಯಾಸ, 480 ಮಿಲಿಮೀಟರ್ ನಾಭಿದೂರವುಳ್ಳ ಹೊಸ ಮಸೂರದೂರದರ್ಶಕವೊಂದು ಮನೆಗೆ ಬಂದಿತು. ಒಂಟಿ ಮಸೂರವು ಕೆಂಪು ನೀಲಿ ಕಿರಣಗಳನ್ನು ಬೇರೆಬೇರೆ ಬಿಂದುಗಳಲ್ಲಿ ಕೂಡಿಸುವುದರಿಂದ ತಾರೆಗಳ ಸುತ್ತಲೂ ಬಣ್ಣದ ಪ್ರಭೆಯುಂಟಾಗುವುದು. ಭಿನ್ನಗುಣದ ಗಾಜುಗಳನ್ನು ಜೊತೆಗೂಡಿಸಿ ಈ ದೋಷವನ್ನು ಅಡಗಿಸಿರುತ್ತಾರೆ.

ಭೂಮಿಯ ಪರಿಭ್ರಮಣದಿಂದ ತಾರೆಗಳು ಒಂದು ಸೆಕೆಂಡಿಗೆ ಸುಮಾರು 15 ವಿಕಲೆಗಳಷ್ಟು ಸರಿಯುವುವು. ಆದುದರಿಂದ ದೂರದರ್ಶಕದ ಪೀಠವು ಧ್ರುವದ ದಿಕ್ಕಿಗೆ ಅಭಿಮುಖವಾದ ಅಕ್ಷದ ಮೇಲೆ ಅದೇ ವೇಗದಿಂದ ತಿರುಗುತ್ತಿರಬೇಕು. ಧ್ರುವೋನ್ನತಿಯೇ ಅಕ್ಷಾಂಶವೆಂದು ಪಾಠಶಾಲೆಯಲ್ಲಿ ಸಿದ್ಧಾಂತಗ್ರಂಥದಿಂದ ಕಂಠಪಾಠಮಾಡಿದ್ದೆನು. ಜಗಳೂರಿನ ಅಕ್ಷಾಂಶವು ಸುಮಾರು ಹದಿನಾಲ್ಕೂವರೆ ಅಂಶಗಳು. ಪೀಠದ ತಿರುಪನ್ನು ಅಷ್ಟಕ್ಕೆ ತಿರುಗಿಸಿ, ಬೇವಿನ ಮರದ ಕೊಂಬೆಯ ಸಂದಿನಲ್ಲಿ ಧ್ರುವತಾರೆಯನ್ನು ಕಂಡಾಗ, ನಲವತ್ತು ವರ್ಷಗಳ ಹಿಂದೆ ಕಲಿತ ವಾಕ್ಯದ ಅರ್ಥವು ಮೊದಲ ಬಾರಿಗೆ ಕೈಗೆ ಸಿಕ್ಕಿತು. ನಮ್ಮ ಸೀಮೆಯು ಮಳೆ ಕಡಿಮೆಯಾದ ಬಯಲುಸೀಮೆ. ಬೇಸಾಯಗಾರನಿಗೆ ಶಾಪವಾದ ಮೋಡವಿಲ್ಲದ ಆಕಾಶವು ನಮ್ಮ ಪ್ರಯೋಗಕ್ಕೆ ಅನುಕೂಲವಾಯಿತೆಂದು ಹೇಳಲು ಸಂಕೋಚವಾಗುತ್ತದೆ. ನೀಹಾರಿಕೆಯು ಇಲ್ಲಿ ಮಧ್ಯಾಹ್ನರೇಖೆಗೆ ಬಂದಾಗ ಸುಮಾರು 70 ಅಂಶಗಳಷ್ಟು ಎತ್ತರಕ್ಕೆ ಏರುವುದು.

4. ನೂರು ಪ್ರತಿಗಳು, ಒಂದು ಕಲೆ

ಈಗಿನ ಪದ್ಧತಿಯಲ್ಲಿ ಒಂದೇ ದೀರ್ಘಚಿತ್ರವನ್ನು ತೆಗೆಯದೆ, ಚಿಕ್ಕಚಿಕ್ಕ ಚಿತ್ರಗಳನ್ನು ಅನೇಕವಾಗಿ ತೆಗೆದು ಗಣಕಯಂತ್ರದಲ್ಲಿ ಕೂಡಿಸುವರು. ನಾವು ಅಮಾವಾಸ್ಯೆಯ ರಾತ್ರಿ 60 ಸೆಕೆಂಡುಗಳ 100 ಚಿತ್ರಗಳನ್ನು ತೆಗೆದೆವು. ಒಂದರಲ್ಲಿ ಕೃತಕ ಉಪಗ್ರಹದ ಗೆರೆ, ಇನ್ನೊಂದರಲ್ಲಿ ವಿಮಾನದ ದೀಪ, ಎಲ್ಲದರಲ್ಲಿಯೂ ಮರಳು ಚೆಲ್ಲಿದಂತೆ ಕ್ರಮವಿಲ್ಲದ ಚುಕ್ಕೆಗಳು. ನೂರನ್ನೂ ಕೂಡಿಸಿದರೆ ನಿಜವಾದ ಬೆಳಕು ನೂರ್ಮಡಿಯಾಗುವುದು. ಕ್ರಮವಿಲ್ಲದ ದೋಷವು ವರ್ಗಮೂಲದ ನಿಯಮದಂತೆ ಹತ್ತರಷ್ಟು ಮಾತ್ರ ಬೆಳೆಯುವುದು. ಹೀಗೆ ಚಿತ್ರವು ಹತ್ತು ಪಾಲು ಸ್ಪಷ್ಟವಾಗುವುದು. ಒಬ್ಬ ಲಿಪಿಕಾರನ ಕೈತಪ್ಪು ಇತರ ಪ್ರತಿಗಳ ಬಲದಿಂದ ನಿವಾರಣೆಯಾಗುವುದೂ ಹೀಗೆಯೇ.

ಕೂಡಿಸಿದ ಚಿತ್ರದಲ್ಲಿ ನೀಹಾರಿಕೆಯ ಬದಿಗೆ ದುಂಡಾದ ಕಪ್ಪು ಛಾಯೆಯೊಂದು ಕಂಡಿತು. ಆ ಪ್ರದೇಶದಲ್ಲಿ ಹಿಂದಿನ ಬೆಳಕನ್ನು ಮರೆಮಾಡುವ ಧೂಳಿನ ಕರಿಮೋಡಗಳಿರುವುದು ಪ್ರಸಿದ್ಧವೇ. ನೂರು ಪ್ರತಿಗಳಲ್ಲಿಯೂ ಒಂದೇ ಪಾಠವಿರುವಾಗ ಸಂಶಯವೇತಕ್ಕೆಂದು ನಾನು ಅದನ್ನು ಕರಿಮೋಡವೆಂದು ನಿಶ್ಚಯಿಸಿ, ಮಿತ್ರರಿಗೆ ಚಿತ್ರವನ್ನು ಕಳುಹಿಸಿ, ಹೆಮ್ಮೆಯಿಂದ ವಿವರಣೆಯನ್ನೂ ಬರೆದೆನು. ಮರುದಿನ ಸೋದರಳಿಯನು ಛಾಯಾಪೆಟ್ಟಿಗೆಯನ್ನು ಕಾಲುಸುತ್ತು ತಿರುಗಿಸಿ ಮತ್ತೆ ಚಿತ್ರ ತೆಗೆದನು. ಚಿತ್ರದ ಚೌಕಟ್ಟಿನಲ್ಲಿ ನೀಹಾರಿಕೆಯು ತಿರುಗಿತು. ಕಲೆಯು ಮಾತ್ರ ಇದ್ದ ಮೂಲೆಯಲ್ಲಿಯೇ ಇದ್ದಿತು. ಅದು ಬೆಳಕನ್ನು ಗ್ರಹಿಸುವ ಫಲಕದ ಮುಂದೆ ಕುಳಿತ ಧೂಳಿನ ಕಣ, ಬಹುಶಃ ಆ ದಿನಗಳಲ್ಲಿ ಊರ ಸುತ್ತಲೂ ನಡೆಯುತ್ತಿದ್ದ ಮೆಕ್ಕೆಜೋಳದ ಒಕ್ಕಣೆಯದು.

ನನ್ನ ತಪ್ಪು ಗ್ರಂಥಸಂಪಾದಕನು ಮಾಡಬಾರದ ತಪ್ಪೇ ಆಗಿದ್ದಿತು. ಒಂದೇ ಮಾತೃಕೆಯಿಂದ ಇಳಿದ ನೂರು ಪ್ರತಿಗಳು ನೂರು ಸಾಕ್ಷಿಗಳಾಗಲಾರವು. ಮಾತೃಕೆಯ ದೋಷದ ವಿಷಯದಲ್ಲಿ ಅವೆಲ್ಲವೂ ಸೇರಿ ಒಂದೇ ಸಾಕ್ಷಿ. ಇಂತಹ ದೋಷಕ್ಕೆ ಸಂಖ್ಯೆಯು ಮದ್ದಲ್ಲ. ದೋಷವನ್ನೇ ಪ್ರತ್ಯೇಕವಾಗಿ ಚಿತ್ರಿಸಿಕೊಳ್ಳಬೇಕು. ಮುಂಜಾವಿನಲ್ಲಿ ಕೊಳವೆಯ ಬಾಯಿಗೆ ಬಿಳಿಯ ಬಟ್ಟೆ ಬಿಗಿದು ತೆಗೆದ ಚಿತ್ರದಲ್ಲಿ ಧೂಳಿನ ನೆರಳು ಮಾತ್ರ ಮೂಡುವುದು. ಬಾಯಿ ಮುಚ್ಚಿ ತೆಗೆದ ಚಿತ್ರದಲ್ಲಿ ಯಂತ್ರದ ಸ್ವಂತ ದೋಷವು ಮೂಡುವುದು. ಎರಡನೆಯದನ್ನು ಕಳೆದು, ಬಳಿಕ ಮೊದಲನೆಯದರಿಂದ ಭಾಗಿಸಿದರೆ ಶುದ್ಧಪಾಠಕ್ಕೆ ಸಮೀಪವಾಗುವೆವು.

5. ಬಣ್ಣಗಳ ಪ್ರಾಮಾಣ್ಯ

ಬಣ್ಣವು ನಿಜವೇ ಎಂದು ವಿದ್ಯಾರ್ಥಿಗಳು ಕೇಳುವುದು ಸಹಜ. ಮಂದವಾದ ಬೆಳಕಿನಲ್ಲಿ ಕಣ್ಣಿಗೆ ವರ್ಣಜ್ಞಾನವು ಅತ್ಯಲ್ಪ. ದೂರದರ್ಶಕದಲ್ಲಿಯೂ ನನಗೆ ಕಂಡುದು ಬೂದಿಯ ಬಣ್ಣ. ಚಿತ್ರದಲ್ಲಿ ಮೂಡಿದ ಕೆಂಪು ಜಲಜನಕದ್ದು. ಅದರ ತರಂಗದೈರ್ಘ್ಯವು 656.3 ನ್ಯಾನೊಮೀಟರ್. ಆ ಕೆಂಪು ಅಲ್ಲಿ ಇರತಕ್ಕದ್ದೇ. ಆದರೆ ಹಬಲ್ ದೂರದರ್ಶಕವು 1995 ರಲ್ಲಿ ತೆಗೆದ 'ಸೃಷ್ಟಿಸ್ತಂಭ'ಗಳ ಪ್ರಸಿದ್ಧ ಚಿತ್ರದಲ್ಲಿ ಗಂಧಕಕ್ಕೆ ಕೆಂಪನ್ನೂ ಜಲಜನಕಕ್ಕೆ ಹಸುರನ್ನೂ ಆಮ್ಲಜನಕಕ್ಕೆ ನೀಲಿಯನ್ನೂ ಸಂಕೇತವಾಗಿ ಕೊಟ್ಟಿರುವರು. ಅದನ್ನು ಹೇಳಿಯೇ ಕೊಟ್ಟಿರುವುದರಿಂದ ಮೋಸವಿಲ್ಲ. ಹೇಳಿಕೆಯನ್ನು ಬಿಟ್ಟು ಚಿತ್ರವನ್ನು ಮಾತ್ರ ಗೋಡೆಗೆ ಹಾಕುವುದರಿಂದ ಭ್ರಾಂತಿಯುಂಟಾಗುವುದು.

ಪ್ರಾಮಾಣಿಕನಾದ ವಿದ್ವಾಂಸನೂ ಇಲ್ಲಿ ಎಡವಬಹುದು. 1864 ರಲ್ಲಿ ವಿಲಿಯಂ ಹಗ್ಗಿನ್ಸನು ನೀಹಾರಿಕೆಯ ಬೆಳಕನ್ನು ವಿಭಜಿಸಿ, ಯಾವ ಪರಿಚಿತ ಧಾತುವಿಗೂ ಹೊಂದದ ಹಸುರು ರೇಖೆಗಳನ್ನು ಕಂಡನು. ಅವುಗಳಿಗಾಗಿ 'ನೆಬ್ಯುಲಿಯಂ' ಎಂಬ ಹೊಸ ಧಾತುವು ಕಲ್ಪಿತವಾಯಿತು. 1927 ರಲ್ಲಿ ಐರಾ ಬೋವೆನನು ಅವು ಅತಿವಿರಳವಾದ ಸ್ಥಿತಿಯಲ್ಲಿರುವ ಆಮ್ಲಜನಕದ ರೇಖೆಗಳೆಂದು ತೋರಿಸಿಕೊಟ್ಟನು. ಅಪಪಾಠದಿಂದ ಹುಟ್ಟಿ ನಿಘಂಟನ್ನು ಸೇರಿದ ಶಬ್ದದಂತೆ, ಇಲ್ಲದ ಧಾತುವೊಂದು ಅರವತ್ತು ವರ್ಷಗಳಿಗೆ ಸಮೀಪವಾಗಿ ಬಾಳಿತು.

6. ಉಪಸಂಹಾರ

ಈಚೆಗೆ, ಮಸುಕಾದ ಚಿತ್ರವನ್ನು ಗಣಕಯಂತ್ರವು ತಾನು ಮೊದಲು ಕಂಡ ಇತರ ಚಿತ್ರಗಳ ಸಂಸ್ಕಾರದಿಂದ ತಿದ್ದಿ ಚೂಪುಮಾಡುವ ಸೌಕರ್ಯವೂ ಬಂದಿದೆ. ಇದು ಪ್ರತಿಗಳ ಆಧಾರವಿಲ್ಲದೆ ಮಾಡುವ ಊಹಾಪಾಠಕ್ಕೆ ಸಮಾನವು. ಊಹಾಪಾಠವು ನಿಷಿದ್ಧವಲ್ಲ, ಅದನ್ನು ಊಹೆಯೆಂದು ಅಡಿಯಲ್ಲಿ ಸೂಚಿಸದಿರುವುದು ನಿಷಿದ್ಧ.

ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918 ರಲ್ಲಿ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸುವುದರಲ್ಲಿಯೂ, ಬಳಿಕ ಪರಿಷತ್ತಿಗಾಗಿ ಪಂಪಭಾರತವನ್ನು ಸಂಪಾದಿಸುವುದರಲ್ಲಿಯೂ ದುಡಿದರು. ಈ ಎರಡು ವಿದ್ಯೆಗಳೂ ಒಬ್ಬರಲ್ಲಿಯೇ ಕೂಡಿದ್ದುದು ನನಗೆ ಈಗ ಆಶ್ಚರ್ಯವಾಗಿ ತೋರುವುದಿಲ್ಲ. ನೀಹಾರಿಕೆಯ ಚಿತ್ರವನ್ನು ತರಗತಿಗೆ ಒಯ್ಯುವ ಉಪಾಧ್ಯಾಯರು ಅದನ್ನು ತೆಗೆದ ಸ್ಥಳ, ದಿನ, ಉಪಕರಣ, ಬೆಳಕು ಬಿದ್ದ ಕಾಲ, ಬಣ್ಣಗಳ ಸಂಕೇತ, ತಿದ್ದುಪಡಿ ಇವಿಷ್ಟನ್ನೂ ಕೇಳಿ ತಿಳಿದು, ಕೆಳಗೆ ಬರೆದು ತೂಗುಹಾಕಬೇಕೆಂದು ಪ್ರಾರ್ಥಿಸುತ್ತೇನೆ. ನನ್ನ ಮೊದಲನೆಯ ಚಿತ್ರವನ್ನು ನಾನು ಅಳಿಸಿಲ್ಲ. ಅದರ ಅಂಚಿನಲ್ಲಿ 'ಇದು ಕರಿಮೋಡವಲ್ಲ, ಧೂಳು' ಎಂದು ಬರೆದು, ಮೊದಲು ಕಳುಹಿಸಿದ್ದ ಮಿತ್ರರೆಲ್ಲರಿಗೂ ಮತ್ತೆ ಕಳುಹಿಸಿರುತ್ತೇನೆ.